ಅಂಕಿತವೂ ಅಂಕವೂ: ಓಲೆಗರಿಯಿಂದ ಪ್ರಶ್ನೆಪತ್ರಿಕೆಯವರೆಗೆ





ನಮ್ಮ ಮಠದ ಸೋಮವಾರದ ಶಿವಾನುಭವ ಗೋಷ್ಠಿಯಲ್ಲಿ ಪ್ರಸಾದ ನಿಲಯದ ಒಬ್ಬ ವಿದ್ಯಾರ್ಥಿಯು ಎದ್ದುನಿಂತು ಪೂಜ್ಯರ ಮುಂದೆ ತನ್ನ ಸಂಕಟವನ್ನು ನಿವೇದಿಸಿಕೊಂಡನು. ಅವನ ಕೈಯಲ್ಲಿ ಕನ್ನಡ ಸಾಹಿತ್ಯದ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯೊಂದಿತ್ತು. ಎಡಗಡೆ ನಾಲ್ಕು ಅಂಕಿತಗಳು, ಬಲಗಡೆ ನಾಲ್ವರು ವಚನಕಾರರು, ಹೊಂದಿಸಿ ಬರೆಯಬೇಕು. ಅಭ್ಯಾಸಕ್ಕೆಂದು ಬಿಡಿಸಲು ಕುಳಿತವನು ಸಿದ್ಧರಾಮೇಶ್ವರರ ಅಂಕಿತವನ್ನು ಅಕ್ಕಮಹಾದೇವಿಗೂ, ಅಕ್ಕನ ಅಂಕಿತವನ್ನು ಮೋಳಿಗೆಯ ಮಾರಯ್ಯನಿಗೂ ಕೊಟ್ಟುಬಿಟ್ಟಿದ್ದನು. "ಬುದ್ಧೀ, ಚಿಕ್ಕಂದಿನಿಂದ ಈ ವಚನಗಳನ್ನು ಪೂಜೆಯ ಹೊತ್ತಿನಲ್ಲಿ ಹಾಡುತ್ತ ಬಂದಿದ್ದೇನೆ. ಪರೀಕ್ಷೆಯ ಹಾಳೆಯ ಮೇಲೆ ಕಂಡಾಗ ಯಾವುದು ಯಾರದೆಂದು ತಿಳಿಯಲಿಲ್ಲ. ನಾನು ಹಾಡಿದ್ದು ವ್ಯರ್ಥವೋ, ಈ ಪರೀಕ್ಷೆಯೇ ವ್ಯರ್ಥವೋ?" ಎಂದು ಕೇಳಿದನು.

ಪೂಜ್ಯರು ತಕ್ಷಣ ಉತ್ತರ ಹೇಳಲಿಲ್ಲ. "ಆ ಪ್ರಶ್ನೆ ಆ ಹಾಳೆಯ ಮೇಲೆ ಬಂದು ಕೂರಲು ಎಷ್ಟು ಶತಮಾನ ಹಿಡಿಯಿತು ಎಂಬುದನ್ನು ಮೊದಲು ತಿಳಿದುಕೊಳ್ಳಪ್ಪಾ" ಎಂದಷ್ಟೇ ನುಡಿದರು. ಆ ಒಂದು ಮಾತಿನ ಬೆನ್ನು ಹಿಡಿದು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಪರೀಕ್ಷೆಗೆ ಕೂರುವ ಮಕ್ಕಳಿಗೂ, ಅವರನ್ನು ಓದಿಸುತ್ತಿರುವ ತಂದೆತಾಯಿಗಳಿಗೂ ಇದು ಪ್ರಯೋಜನಕರವಾದೀತೆಂದು ಭಾವಿಸುತ್ತೇವೆ.

ಇಂದಿನ ಪರೀಕ್ಷೆಯ ಸ್ವರೂಪ

ಕನ್ನಡ ಸಾಹಿತ್ಯವನ್ನು ಉನ್ನತ ವ್ಯಾಸಂಗಕ್ಕೆ ಆಯ್ದುಕೊಳ್ಳುವ ವಿದ್ಯಾರ್ಥಿಗೆ ಇಂದು ಹಲವು ಬಾಗಿಲುಗಳಲ್ಲಿ ಪರೀಕ್ಷೆ ಎದುರಾಗುತ್ತದೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳ ಪ್ರವೇಶಕ್ಕಾಗಿ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯ 13 ಭಾಷೆಗಳಲ್ಲಿ ಕನ್ನಡವೂ ಒಂದು; ಅಲ್ಲಿ ಗದ್ಯಭಾಗವನ್ನು ಓದಿ ಅರ್ಥೈಸುವುದು, ಸಾಹಿತ್ಯದ ಅಭಿರುಚಿ, ಶಬ್ದಸಂಪತ್ತು ಇವುಗಳನ್ನು ಒರೆಗೆ ಹಚ್ಚುತ್ತಾರೆ. ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್, ಇದೆ. ಕಾಲೇಜು ಅಧ್ಯಾಪಕರಾಗಲು ಬೇಕಾದ ಅರ್ಹತೆಗೆಂದು ಏರ್ಪಟ್ಟ ಈ ಪರೀಕ್ಷೆಯ ಅಂಕಗಳನ್ನು 2024–25ನೆಯ ಸಾಲಿನಿಂದ ಪಿಎಚ್.ಡಿ. ಪ್ರವೇಶಕ್ಕೂ ಬಳಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅವಕಾಶ ಕಲ್ಪಿಸಿತು. ಹೀಗಾಗಿ ಅದು ಈಗ ಅಕ್ಷರಶಃ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯೂ ಆಗಿದೆ.

ಅದರ ಎರಡನೆಯ ಪತ್ರಿಕೆಯಲ್ಲಿ ವಿಷಯಕ್ಕೆ ಸಂಬಂಧಿಸಿದ 100 ಪ್ರಶ್ನೆಗಳು, 200 ಅಂಕಗಳು. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು, ಕವಿಗೂ ಕಾವ್ಯಕ್ಕೂ ಹೊಂದಿಸುವುದು, ಹೇಳಿಕೆಯೊಂದನ್ನು ಕೊಟ್ಟು ಅದರ ಕಾರಣ ಸರಿಯೇ ತಪ್ಪೇ ಎಂದು ಕೇಳುವುದು – ಇವು ಅಲ್ಲಿನ ವಾಡಿಕೆಯ ರೀತಿಗಳು. ಹಳಗನ್ನಡದ ಚಂಪೂವಿನಿಂದ ಹೊಸಗನ್ನಡದ ಕಾದಂಬರಿಯವರೆಗೆ ಹಬ್ಬಿದ ಈ ವಿಸ್ತಾರದಲ್ಲಿ ವಚನ ಸಾಹಿತ್ಯಕ್ಕೆ ನಿಶ್ಚಿತವಾದ ಸ್ಥಾನವುಂಟು. ಆದರೆ ಅಲ್ಲಿ ವಚನದ ಅನುಭಾವವನ್ನು ಕೇಳುವುದಿಲ್ಲ. ಯಾರು ಬರೆದರು, ಯಾವ ಅಂಕಿತ, ಯಾರು ಸಂಪಾದಿಸಿದರು, ಯಾವ ವರ್ಷ ಎಂದು ಕೇಳುತ್ತಾರೆ. ಭಕ್ತರ ಮನೆಯ ಮಕ್ಕಳಿಗೆ ಇದು ಶುಷ್ಕವೆನಿಸುವುದು ಸಹಜ. ಆದರೆ ಈ ಶುಷ್ಕ ಸಂಗತಿಗಳ ಹಿಂದೆ ಎಂತಹ ಬೆವರಿದೆ ಎಂಬುದನ್ನು ಅರಿತ ಮೇಲೆ ಆ ಭಾವನೆ ಉಳಿಯಲಾರದು.

ಕಲ್ಯಾಣದ ಬಾಗಿಲಲ್ಲಿ

ಪರೀಕ್ಷೆಯೆಂಬುದು ಶರಣ ಪರಂಪರೆಗೆ ಹೊರಗಿನದೆಂದು ತಿಳಿಯಬಾರದು. ಉಡುತಡಿಯಿಂದ ಹೊರಟ ಮಹಾದೇವಿಯಕ್ಕನು ಕಲ್ಯಾಣಕ್ಕೆ ಬಂದಾಗ ಶರಣರು ಅವಳನ್ನು ಹೂಮಾಲೆ ಹಿಡಿದು ಸ್ವಾಗತಿಸಲಿಲ್ಲ. ಕಿನ್ನರಿ ಬೊಮ್ಮಯ್ಯನು ಮೊದಲು ಅವಳನ್ನು ಪರೀಕ್ಷಿಸಿದನೆಂದು ಪರಂಪರೆ ಹೇಳುತ್ತದೆ. ಅನಂತರ ಅನುಭವ ಮಂಟಪದಲ್ಲಿ ಅಲ್ಲಮಪ್ರಭುದೇವರು ಅವಳನ್ನು ಪ್ರಶ್ನೆಗಳ ಕುಲುಮೆಗೆ ಒಡ್ಡಿದರು. ನಿನ್ನ ಪತಿ ಯಾರು, ಉಡುಗೆಯನ್ನು ತೊರೆದವಳು ಕೇಶದಿಂದ ಮೈಯನ್ನು ಮರೆಸಿಕೊಂಡುದೇಕೆ ಎಂಬ ಪ್ರಭುಗಳ ಪ್ರಶ್ನೆಗಳು ಮೃದುವಾಗಿರಲಿಲ್ಲ. ಅಕ್ಕನು ಒಂದೊಂದಕ್ಕೂ ನಿರ್ಭಯಳಾಗಿ ಉತ್ತರಿಸಿದಳು. ಕಡೆಗೆ ಪ್ರಭುದೇವರೂ ಬಸವಣ್ಣನವರೂ ಸಮಸ್ತ ಶರಣರೂ ಆಕೆಯ ನಿಲುವಿಗೆ ತಲೆಬಾಗಿದರು. ವಯಸ್ಸಿನಲ್ಲಿ ಕಿರಿಯಳಾದ ಹೆಣ್ಣುಮಗಳೊಬ್ಬಳು ಹಿರಿಯರೆಲ್ಲರಿಗೂ ಅಕ್ಕನಾದದ್ದು ಆ ಬಾಗಿಲನ್ನು ದಾಟಿದ ಮೇಲೆಯೇ.

ಈ ಪ್ರಸಂಗವನ್ನು ನಮಗೆ ಉಳಿಸಿಕೊಟ್ಟ ಗ್ರಂಥ 'ಶೂನ್ಯ ಸಂಪಾದನೆ'. ಶರಣರ ವಚನಗಳನ್ನೇ ಪ್ರಶ್ನೋತ್ತರದ ರೂಪದಲ್ಲಿ ಪೋಣಿಸಿ, ನಡುನಡುವೆ ಗದ್ಯದ ಕೊಂಡಿ ಹಾಕಿ ರಚಿಸಿದ ಅಪೂರ್ವ ಕೃತಿ ಅದು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ – ಈ ನಾಲ್ವರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸುತ್ತ ಹೋದರು. ಈ ನಾಲ್ಕು ಹೆಸರುಗಳನ್ನು ಕ್ರಮವಾಗಿ ನೆನಪಿಡುವುದು ಪರೀಕ್ಷಾರ್ಥಿಗೆ ಅವಶ್ಯಕ. ಕಾಲಾನುಕ್ರಮದ ಪ್ರಶ್ನೆಗೆ ಇದಕ್ಕಿಂತ ಸೂಕ್ತವಾದ ವಿಷಯ ಮತ್ತೊಂದಿಲ್ಲ. ಆದರೆ ಭಕ್ತನಾದವನು ಇನ್ನೊಂದನ್ನೂ ಗಮನಿಸಬೇಕು. ನಾಲ್ಕು ಸಲ ಮರುಜೋಡಣೆ ಮಾಡಿದರೂ ಆ ನಾಲ್ವರಲ್ಲಿ ಯಾರೂ ಶರಣರ ಪ್ರಶ್ನೆಗಳ ಬಿರುಸನ್ನು ಮೆದುಗೊಳಿಸಲಿಲ್ಲ. ಅರಿವು ಎಂಬುದು ಪ್ರಶ್ನೆಗೆ ಅಂಜಿ ಅಡಗುವುದಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಓಲೆಗರಿಯ ಕಟ್ಟುಗಳು

12ನೆಯ ಶತಮಾನದಲ್ಲಿ ಕಲಚುರಿ ಬಿಜ್ಜಳನ ಕಲ್ಯಾಣದಲ್ಲಿ ಅರಳಿದ ಶರಣ ಸಮಾಜವು 1167–68ರ ಸುಮಾರಿನ ವಿಪ್ಲವದಲ್ಲಿ ಚದುರಿಹೋಯಿತು. ಚೆನ್ನಬಸವಣ್ಣನವರೊಡನೆ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ನಮ್ಮ ಪರಂಪರೆ ಸ್ಮರಿಸುತ್ತದೆ. ಅಲ್ಲಿಂದ ಮುಂದೆ ಎರಡು ಶತಮಾನಗಳಿಗೂ ಮಿಕ್ಕಿ ವಚನಗಳು ಮಠಗಳಲ್ಲಿ, ಮನೆಗಳಲ್ಲಿ, ಭಕ್ತರ ಕಂಠದಲ್ಲಿ ಉಳಿದವು. ಆ ಅವಧಿಯಲ್ಲಿ ಶರಣರ ಚರಿತ್ರೆಯನ್ನು ಕವಿಗಳು ಕಾವ್ಯವಾಗಿಸಿದರು. ಹರಿಹರನು ರಗಳೆಗಳಲ್ಲಿ ಬಸವಣ್ಣ, ಮಹಾದೇವಿಯಕ್ಕ ಮೊದಲಾದವರನ್ನು ಹಾಡಿದನು. ಅವನ ಶಿಷ್ಯ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ 'ಸಿದ್ಧರಾಮ ಚಾರಿತ್ರ'ವನ್ನು ಬರೆದನು. 1369ರಲ್ಲಿ ಭೀಮಕವಿಯು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಆಧರಿಸಿ ಭಾಮಿನಿ ಷಟ್ಪದಿಯಲ್ಲಿ 'ಬಸವ ಪುರಾಣ'ವನ್ನು ರಚಿಸಿದನು.

15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಆಳಿಕೆಯು ವಚನಗಳ ಪಾಲಿಗೆ ಎರಡನೆಯ ವಸಂತವಾಯಿತು. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂತಹ ಅಧಿಕಾರಸ್ಥ ಭಕ್ತರು, ನೂರೊಂದು ವಿರಕ್ತರೆಂದು ಪ್ರಸಿದ್ಧರಾದ ಜಂಗಮರು ಆಗ ವಚನಗಳನ್ನು ಹುಡುಕಿ ಸಂಕಲಿಸುವ, ವ್ಯಾಖ್ಯಾನಿಸುವ ಕಾರ್ಯಕ್ಕೆ ಟೊಂಕಕಟ್ಟಿ ನಿಂತರು. ಅದೇ ಕಾಲದಲ್ಲಿ ಚಾಮರಸನು 'ಪ್ರಭುಲಿಂಗಲೀಲೆ'ಯನ್ನು ರಚಿಸಿದನು. ಮುಂದೆ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು ತಾವೇ ವಚನಗಳನ್ನು ರಚಿಸಿ 'ಷಟ್‌ಸ್ಥಲ ಜ್ಞಾನಸಾರಾಮೃತ'ವನ್ನು ಅನುಗ್ರಹಿಸಿದರು. 1584ರಲ್ಲಿ ವಿರೂಪಾಕ್ಷ ಪಂಡಿತನ 'ಚೆನ್ನಬಸವ ಪುರಾಣ' ಬಂದಿತು. ಹರಿಹರ, ರಾಘವಾಂಕ, ಭೀಮಕವಿ, ಚಾಮರಸ, ವಿರೂಪಾಕ್ಷ ಪಂಡಿತ – ಈ ಐವರ ಸರಣಿಯನ್ನು ಮನಸ್ಸಿನಲ್ಲಿ ಒಂದು ದಾರಕ್ಕೆ ಪೋಣಿಸಿಕೊಂಡರೆ ವೀರಶೈವ ಕಾವ್ಯದ ನಾಲ್ಕು ನೂರು ವರ್ಷಗಳು ಕೈಗೆ ಸಿಕ್ಕಂತೆಯೇ ಸರಿ.

ಇಲ್ಲಿ ಒಂದು ಮಹತ್ವದ ಸಂಗತಿಯನ್ನು ಮರೆಯಬಾರದು. ಆ ಕಾಲದ ಸಂಕಲನಕಾರರು ಅನೇಕ ಕಟ್ಟುಗಳಲ್ಲಿ ವಚನಗಳನ್ನು ವಚನಕಾರರ ಹೆಸರಿನ ಅಡಿಯಲ್ಲಿ ಜೋಡಿಸಲಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದ ಮೆಟ್ಟಿಲುಗಳಿಗೆ ಅನುಸಾರವಾಗಿ ಅವುಗಳನ್ನು ವಿಂಗಡಿಸಿದರು. ಅವರಿಗೆ ಬೇಕಾಗಿದ್ದುದು ಸಾಧಕನ ದಾರಿ, ಕರ್ತೃವಿನ ಪಟ್ಟಿಯಲ್ಲ. ಹೀಗಾಗಿ ಒಂದೇ ಕಟ್ಟಿನಲ್ಲಿ ಬಸವಣ್ಣನವರ ವಚನದ ಪಕ್ಕದಲ್ಲಿ ಅಂಬಿಗನ ವಚನ, ಅದರ ಪಕ್ಕದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನ ವಚನ ಕುಳಿತವು. ಕರ್ತೃ ಯಾರೆಂದು ಹೇಳಲು ಅಲ್ಲಿ ಉಳಿದ ಗುರುತು ಒಂದೇ: ವಚನದ ಕಡೆಯಲ್ಲಿ ಬರುವ ಅಂಕಿತ. ಆ ಒಂದು ಪದ ಅಳಿಸಿದ್ದರೆ ಎಷ್ಟೋ ಕಾಯಕಜೀವಿಗಳ ಹೆಸರೇ ಚರಿತ್ರೆಯಿಂದ ಅಳಿಸಿಹೋಗುತ್ತಿತ್ತು. ಪ್ರಶ್ನೆಪತ್ರಿಕೆಯ 'ಹೊಂದಿಸಿ ಬರೆಯಿರಿ' ಎಂಬ ನಾಲ್ಕು ಸಾಲು ಈ ಗುರುತಿನ ಮೇಲೆಯೇ ನಿಂತಿದೆ.

ವಕೀಲರ ಮನೆಯಿಂದ ವಿಶ್ವವಿದ್ಯಾಲಯಕ್ಕೆ

ಓಲೆಗರಿಯಲ್ಲಿದ್ದುದು ಅಚ್ಚಿಗೆ ಬಾರದೆ ಪಾಠ್ಯವಾಗದು. ಪಾಠ್ಯವಾಗದೆ ಪರೀಕ್ಷೆಗೆ ಬಾರದು. ಈ ಸೇತುವೆಯನ್ನು ಕಟ್ಟಿದ ಪುಣ್ಯಾತ್ಮರು ವಚನ ಪಿತಾಮಹ ಫ.ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದರು. ಕಕ್ಷಿಗಾರರ ಕಾಗದಪತ್ರಗಳ ನಡುವೆಯೂ ಅವರ ಕಣ್ಣು ಹಳ್ಳಿಯ ಮನೆಗಳ ಜಗುಲಿಯ ಮೇಲೆ, ಮಠಗಳ ಕತ್ತಲೆ ಕೋಣೆಗಳಲ್ಲಿ ದೂಳು ಹಿಡಿದು ಬಿದ್ದ ಓಲೆಗರಿಯ ಕಟ್ಟುಗಳ ಮೇಲಿತ್ತು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳಿಗೆ ಪೂಜೆ ಸಲ್ಲುತ್ತಿತ್ತು, ಓದು ಸಲ್ಲುತ್ತಿರಲಿಲ್ಲ. ಅವರು ಬೇಡಿ, ಕಾಡಿ, ಪ್ರತಿ ಮಾಡಿಕೊಂಡು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. ಬೇರೆ ಮುದ್ರಣಾಲಯಗಳನ್ನು ನೆಚ್ಚಿ ಕೂರುವುದಾಗದೆಂದು 1925ರಲ್ಲಿ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1930ರಲ್ಲಿ ಶೂನ್ಯ ಸಂಪಾದನೆಯನ್ನು ಪ್ರಕಟಿಸಿದರು. ಇದ್ದ ಮನೆಯನ್ನು ಕೊಟ್ಟು ವಚನಕ್ಕೆ ಮನೆ ಕಟ್ಟಿದವರು ಅವರು ಎಂದರೆ ಅತಿಶಯೋಕ್ತಿಯಾಗದು.

ಇದೇ ಕಾಲದಲ್ಲಿ ವಿಶ್ವವಿದ್ಯಾಲಯದಲ್ಲಿ ಕನ್ನಡದ ಸ್ಥಿತಿ ಹೇಗಿತ್ತು ಎಂಬುದನ್ನೂ ನೋಡಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದರೂ ಕನ್ನಡದಲ್ಲಿ ಎಂ.ಎ. ತರಗತಿ ಪ್ರಾರಂಭವಾದದ್ದು 1927ರಲ್ಲಿ. ಕುವೆಂಪು, ಡಿ.ಎಲ್. ನರಸಿಂಹಾಚಾರ್ ಆ ಮೊದಲ ತಂಡದ ವಿದ್ಯಾರ್ಥಿಗಳು. ಆರ್. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಹೊರತಂದ 'ಕರ್ಣಾಟಕ ಕವಿಚರಿತೆ'ಯು ಕನ್ನಡ ಕವಿಗಳ ಕಾಲ, ಕೃತಿಗಳ ಚೌಕಟ್ಟನ್ನು ಒದಗಿಸಿತು. ಇಂದು ಕಾಲಾನುಕ್ರಮದ ಪ್ರಶ್ನೆ ಕೇಳಲು ಸಾಧ್ಯವಾಗಿರುವುದಕ್ಕೆ ಆ ಮಹನೀಯರ ಪರಿಶ್ರಮವೂ ಕಾರಣ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದವರಿಗೆ ತಮ್ಮದೇ ವಿಶ್ವವಿದ್ಯಾಲಯ ದೊರೆಯಲು 1949ರವರೆಗೆ ಕಾಯಬೇಕಾಯಿತು. ಅಂದು ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ವಚನವು ವಿಶ್ವವಿದ್ಯಾಲಯದ ಬಾಗಿಲನ್ನು ದಾಟಿ ಗೌರವದ ಪೀಠದಲ್ಲಿ ಕುಳಿತ ದಿನ ಅದು.

ವಿದ್ಯೆಯ ಪ್ರಸಾರವೂ ವಚನದ ಪ್ರಸಾರವೂ ನಮ್ಮ ನಾಡಿನಲ್ಲಿ ಜೊತೆಜೊತೆಯಾಗಿ ಸಾಗಿದವು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಸಪ್ತರ್ಷಿಗಳಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಬಸವಣ್ಣನವರ ವಚನಗಳ ಸಂಪಾದಕರೂ ಹೌದು. ಹಳಕಟ್ಟಿಯವರೂ ವಿಜಾಪುರದಲ್ಲಿ ವಿದ್ಯಾಸಂಸ್ಥೆ ಕಟ್ಟಲು ದುಡಿದವರೇ. ಮಠಗಳು ಪ್ರಸಾದ ನಿಲಯಗಳನ್ನು ತೆರೆದು, ಜಾತಿ ಕೇಳದೆ ಹಳ್ಳಿಯ ಮಕ್ಕಳಿಗೆ ಅನ್ನ ಅಕ್ಷರಗಳನ್ನು ನೀಡಿದವು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಈ ದಾಸೋಹವನ್ನು ಯಾವ ಎತ್ತರಕ್ಕೆ ಒಯ್ದರೆಂಬುದನ್ನು ನಾಡೇ ಕಂಡಿದೆ. ಇಂದು ಪ್ರವೇಶ ಪರೀಕ್ಷೆಗೆ ಕೂರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಅವರ ಕೈಗೆ ಬಂದ ಪ್ರಶ್ನೆಪತ್ರಿಕೆ ಈ ದಾಸೋಹದ ಫಲ.

ಹಳಕಟ್ಟಿಯವರ ಅನಂತರ ಆರ್.ಸಿ. ಹಿರೇಮಠ, ಸಂ.ಶಿ. ಭೂಸನೂರಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಪಾಠಾಂತರಗಳನ್ನು ಹೋಲಿಸಿ ಪರಿಷ್ಕೃತ ಆವೃತ್ತಿಗಳನ್ನು ಸಿದ್ಧಪಡಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಶೂನ್ಯ ಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 'ಸಮಗ್ರ ವಚನ ಸಂಪುಟ'ವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಸ್ಥಲಗಳ ಕಟ್ಟಿನಲ್ಲಿ ಬೆರೆತುಹೋಗಿದ್ದ ವಚನಗಳು ಇಲ್ಲಿ ಅವರವರ ಹೆಸರಿನಡಿ ಬಂದು ನಿಂತವು. ಮೊದಲನೆಯ ಸಂಪುಟ ಬಸವಣ್ಣನವರದು, ಐದನೆಯದು ಶಿವಶರಣೆಯರದು, ಕೊನೆಯದು ವಚನಗಳ ಪರಿಭಾಷಾ ಕೋಶ. 2015ರ ಆಗಸ್ಟ್ 30ರಂದು ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದುದನ್ನು ನೆನೆದಾಗ ಕಣ್ಣು ಮಂಜಾಗುತ್ತದೆ. 'ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರು ಯಾರು?' ಎಂಬುದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಿರಬಹುದು. ಆ ಎರಡು ಅಂಕದ ಹಿಂದೆ ಒಂದು ಜೀವವಿದೆ ಎಂಬುದನ್ನು ವಿದ್ಯಾರ್ಥಿಯು ಮರೆಯದಿರಲಿ.

ಅಂಕಿತವನ್ನು ಕಲಿಯುವ ಬಗೆ

ಇನ್ನು ನಮ್ಮ ವಿದ್ಯಾರ್ಥಿಯ ತೊಡಕಿಗೆ ಬರೋಣ. ಅಂಕಿತಗಳನ್ನು ಮಗ್ಗಿಯಂತೆ ಉರು ಹೊಡೆದವರಿಗೆ ಪರೀಕ್ಷೆಯ ಗಳಿಗೆಯಲ್ಲಿ ಅವು ಕಲಸಿಹೋಗುವುದು ಸಹಜ. ಅವುಗಳನ್ನು ಶರಣರ ಬದುಕಿನೊಡನೆ ಕಲಿತವನಿಗೆ ಕಲಸಿಹೋಗವು.

ಅವನನ್ನು ಕಾಡಿದ ಮೂವರು ಮಲ್ಲಿಕಾರ್ಜುನರನ್ನೇ ತೆಗೆದುಕೊಳ್ಳಿ. ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಚೆಲುವನಾದ ಶ್ರೀಶೈಲದೊಡೆಯನನ್ನೇ ಪತಿಯೆಂದು ನಂಬಿ, ಕಡೆಗೆ ಆ ಗಿರಿಯ ಕದಳಿಯಲ್ಲಿಯೇ ಬಯಲಾದವಳು ಆಕೆ. ಆ 'ಚೆನ್ನ' ಎಂಬಲ್ಲಿ ಶರಣಸತಿಯ ಒಲವಿದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರದು ಕಪಿಲಸಿದ್ಧಮಲ್ಲಿಕಾರ್ಜುನ. ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋಗಿ, ಮರಳಿ ಬಂದು ತಮ್ಮೂರಿನಲ್ಲಿ ಕೆರೆ ಗುಡಿಗಳನ್ನು ಕಟ್ಟಿದ ಯೋಗಿಗಳು ಅವರು. ಆ 'ಸಿದ್ಧ' ಎಂಬಲ್ಲಿ ಅವರ ಹೆಸರೂ ಯೋಗವೂ ಅಡಗಿವೆ. ಕಟ್ಟಿಗೆಯ ಹೊರೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ. ರಾಜ್ಯವನ್ನೇ ತೊರೆದು ಬಂದನೆಂದು ಪರಂಪರೆ ಕೊಂಡಾಡುವ ಆ ಶರಣನಿಗೆ 'ನಿಃಕಳಂಕ' ಎಂಬುದು ಎಷ್ಟು ಒಪ್ಪುತ್ತದೆ! ಅವನ ಮಡದಿಯ ಹೆಸರೂ ಮಹಾದೇವಿಯೇ. ಆಕೆಯದು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಮಹಾದೇವಿ ಎಂಬ ಹೆಸರನ್ನು ಮಾತ್ರ ನೋಡಿ ಓಡಿಹೋಗುವವನು ಇಲ್ಲಿ ಎಡವುತ್ತಾನೆ.

ಕೂಡಲಸಂಗಮದ ಬಳಗವೂ ಹಾಗೆಯೇ. ಬಸವಣ್ಣನವರದು ಕೂಡಲಸಂಗಮದೇವ. ಅವರ ಅಕ್ಕ ನಾಗಮ್ಮನದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಆಕೆಯ ಮಗ ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ಗಂಗಾಂಬಿಕೆಯದು ಗಂಗಾಪ್ರಿಯ ಕೂಡಲಸಂಗ. ಬಸವಣ್ಣನವರ ಬಳಿಯಲ್ಲಿಯೇ ಇದ್ದ ಹಡಪದ ಅಪ್ಪಣ್ಣನದು ಬಸವಪ್ರಿಯ ಕೂಡಲಚೆನ್ನಬಸವಣ್ಣ. ಅವನ ಮಡದಿ ಲಿಂಗಮ್ಮನದು ಅಪ್ಪಣ್ಣಪ್ರಿಯ ಚೆನ್ನಬಸವಣ್ಣ. ಒಂದು ಮನೆತನದ ವಂಶವೃಕ್ಷವನ್ನು ಬರೆಯುವಂತೆ ಇವುಗಳನ್ನು ಹಾಳೆಯ ಮೇಲೆ ಬರೆದುಕೊಂಡರೆ ಒಮ್ಮೆಗೇ ಆರು ಅಂಕಿತಗಳು ನೆಲೆಗೊಳ್ಳುತ್ತವೆ. ದೈವದ ಹೆಸರನ್ನು ಹೇಳುವವು, ಗುರುವನ್ನೋ ಪತಿಯನ್ನೋ 'ಪ್ರಿಯ' ಎಂದು ಕರೆದು ದೈವವನ್ನು ನೆನೆಯುವವು, ತನ್ನ ಹೆಸರನ್ನೇ ಇಟ್ಟುಕೊಂಡವು ಎಂದು ಅಂಕಿತಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುವುದೂ ಉಪಯುಕ್ತ. ಮೂರನೆಯದಕ್ಕೆ ಅಂಬಿಗರ ಚೌಡಯ್ಯನೇ ಶ್ರೇಷ್ಠ ನಿದರ್ಶನ. ದೋಣಿ ನಡೆಸುವ ಕಾಯಕದವನು ತನ್ನ ಕಾಯಕವನ್ನೂ ಹೆಸರನ್ನೂ ಬಚ್ಚಿಡದೆ, ಅದನ್ನೇ ಮುದ್ರೆಯಾಗಿ ಒತ್ತಿದ್ದಾನೆ. ಎಂಟು ನೂರು ವರ್ಷಗಳ ಹಿಂದೆ ಅಂತಹವನ ಹೆಸರು ಅರಮನೆಯ ಕವಿಯ ಹೆಸರಿನಷ್ಟೇ ಗೌರವದಿಂದ ಉಳಿಯುವುದೆಂದರೆ ಸಾಮಾನ್ಯವೇ? ಪ್ರಶ್ನೆಪತ್ರಿಕೆಯಲ್ಲಿ ಪಂಪನ ಕೆಳಗಿನ ಸಾಲಿನಲ್ಲಿ ಚೌಡಯ್ಯನ ಹೆಸರನ್ನು ಕಂಡಾಗ ವಿದ್ಯಾರ್ಥಿಯು ಒಂದು ಕ್ಷಣ ಮನದಲ್ಲಿಯೇ ಶರಣೆನ್ನಲಿ. ಆಮೇಲೆ ಉತ್ತರವನ್ನು ಗುರುತಿಸಲಿ.

ಇದಲ್ಲದೆ ದಿನಕ್ಕೊಂದು ವಚನವನ್ನಾದರೂ ಮೊದಲಿನಿಂದ ಅಂಕಿತದವರೆಗೆ ಪೂರ್ಣವಾಗಿ ಓದಬೇಕು. ಹಾಡಿನಲ್ಲಿ ರಾಗವು ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಓದಿನಲ್ಲಿ ಪದವು ನಮ್ಮನ್ನು ನಿಲ್ಲಿಸುತ್ತದೆ. ನಿಂತಲ್ಲಿ ಪರಿಭಾಷಾ ಕೋಶವನ್ನು ನೋಡಬೇಕು. ಬೆಡಗಿನ ವಚನ ಎದುರಾದರೆ ಊಹೆಯಿಂದ ಅರ್ಥ ಹಚ್ಚದೆ ಹಿರಿಯರ ಟೀಕೆಯನ್ನು ಓದಬೇಕು. ಕಾಲಾನುಕ್ರಮಕ್ಕೆ ಒಂದು, ಅಂಕಿತಕ್ಕೆ ಒಂದು, ಸಂಪಾದಕರಿಗೆ ಒಂದು – ಹೀಗೆ ಮೂರು ಪಟ್ಟಿಗಳನ್ನು ತಾನೇ ತಯಾರಿಸಿಕೊಳ್ಳಬೇಕು. ಪೇಟೆಯ ಮಾರ್ಗದರ್ಶಿ ಪುಸ್ತಕದ ಪಟ್ಟಿಯಲ್ಲಿ ತಪ್ಪಿದ್ದರೆ ಆ ತಪ್ಪು ನಮ್ಮದಾಗುತ್ತದೆ. ಮೂಲವನ್ನು ನೋಡಿ ಬರೆದ ಪಟ್ಟಿ ಮರೆತರೂ ಮರಳಿ ನೆನಪಾಗುತ್ತದೆ.

ಲಕ್ಕಮ್ಮನ ಅಕ್ಕಿ

ಪರೀಕ್ಷೆಯ ಮಾತಿನಲ್ಲಿ ಇನ್ನೊಂದು ಅಂಶವನ್ನು ಹೇಳದೆ ಮುಗಿಸಲಾಗದು. 2024ರ ಜೂನ್ 18ರಂದು ದೇಶದಾದ್ಯಂತ ನಡೆದ ನೆಟ್ ಪರೀಕ್ಷೆಯನ್ನು 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಮರುದಿನವೇ, ಪ್ರಶ್ನೆಪತ್ರಿಕೆ ಸೋರಿರಬಹುದೆಂಬ ಶಂಕೆಯಿಂದ, ಅದು ರದ್ದಾಯಿತು. ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಮತ್ತೆ ನಡೆಯಿತು. ಸೋರಿಕೆಯೆಂದು ಹರಡಿದ ಚಿತ್ರವು ತಿದ್ದಿದ್ದೆಂದು ಕೇಂದ್ರ ತನಿಖಾ ದಳವು ಅನಂತರ ತಿಳಿಸಿತು. ಯಾರದೋ ದುರಾಸೆಯ ಒಂದು ಕಿಡಿ, ಒಂದು ಸುಳ್ಳು ಚಿತ್ರ, ಲಕ್ಷಾಂತರ ಮಕ್ಕಳ ತಿಂಗಳುಗಟ್ಟಲೆಯ ದುಡಿಮೆಯನ್ನು ಹೇಗೆ ಸುಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಊರಿನಿಂದ ಸಾಲ ಮಾಡಿ ಪರೀಕ್ಷಾ ಕೇಂದ್ರಕ್ಕೆ ಬಂದು ಹೋದ ಬಡ ವಿದ್ಯಾರ್ಥಿಗೆ ಆ ರದ್ದತಿಯ ಸುದ್ದಿ ಹೇಗೆ ಕೇಳಿಸಿರಬೇಕು!

ಇಲ್ಲಿ ಆಯ್ದಕ್ಕಿ ದಂಪತಿಗಳು ನೆನಪಿಗೆ ಬರುತ್ತಾರೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಮಡದಿ ಲಕ್ಕಮ್ಮನು ಹಿಗ್ಗಲಿಲ್ಲ. ಇದು ನಮ್ಮ ಎಂದಿನ ಪ್ರಮಾಣವಲ್ಲ, ಮನದ ಆಸೆ ಬೆರೆತ ಅಕ್ಕಿ ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಮರಳಿ ಕಳುಹಿಸಿದಳು. ಅದನ್ನು ಯಾರೂ ಕಳವು ಎನ್ನುವಂತಿರಲಿಲ್ಲ. ನೆಲದ ಮೇಲೆ ಬಿದ್ದದ್ದೇ ಅದು. ಆದರೂ ತನ್ನ ಕಾಯಕದ ಅಳತೆಗೆ ಮೀರಿದ್ದನ್ನು ಆ ತಾಯಿ ಮುಟ್ಟಲಿಲ್ಲ. ಆಕೆಯ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರನ್ನು ಅಂಕಿತದಲ್ಲಿ ಧರಿಸಿದ ಹೆಣ್ಣುಮಗಳೇ ಗಂಡನಿಗೆ ಕಾಯಕದ ಪಾಠ ಹೇಳಿದಳು ಎಂಬುದನ್ನು ಅರಿತವನು ಆ ಅಂಕಿತವನ್ನು ಇನ್ನೆಂದೂ ಮರೆಯಲಾರನು. ಪರೀಕ್ಷೆಯಲ್ಲಿ ದೊರೆವ ಅಂಕವೂ ಅಕ್ಕಿಯ ಕಾಳಿನಂತೆಯೇ. ತಾನು ಆಯ್ದದ್ದು ಎಷ್ಟೋ ಅಷ್ಟೇ ತನ್ನದು.

ಉಪಸಂಹಾರ

ವಿದ್ಯಾರ್ಥಿಯ ಪ್ರಶ್ನೆಗೆ ಪೂಜ್ಯರು ಮುಂದಿನ ಸೋಮವಾರ ಕೊಟ್ಟ ಉತ್ತರ ಹೀಗಿತ್ತು: "ನೀನು ಹಾಡಿದ್ದು ವ್ಯರ್ಥವಲ್ಲ, ಪರೀಕ್ಷೆಯೂ ವ್ಯರ್ಥವಲ್ಲ. ಹಾಡುವಾಗ ನೀನು ವಚನವನ್ನು ಪ್ರೀತಿಸಿದೆ. ಆದರೆ ಅದನ್ನು ಹೇಳಿದವರನ್ನು ವಿಚಾರಿಸಿಕೊಳ್ಳಲಿಲ್ಲ. ಮನೆಗೆ ಬಂದ ಅತಿಥಿಯ ಹೆಸರನ್ನೂ ಕೇಳದೆ ಉಣಬಡಿಸಿದಂತಾಯಿತು. ಪರೀಕ್ಷೆ ನಿನಗೆ ಅದನ್ನು ತೋರಿಸಿಕೊಟ್ಟಿತು. ಈಗ ವಿಚಾರಿಸಿಕೊ."

ಅನುಭವ ಮಂಟಪದ ಪರೀಕ್ಷೆ ಅಕ್ಕನ ಬದುಕನ್ನೇ ಉತ್ತರವಾಗಿ ಬೇಡಿತು. ವಿಶ್ವವಿದ್ಯಾಲಯದ ಪರೀಕ್ಷೆ ಅಷ್ಟನ್ನು ಬೇಡುವುದಿಲ್ಲ, ಬೇಡಲೂ ಆಗದು. ಅದು ಬೇಡುವುದು ಮೂರು ಗಂಟೆಗಳ ಎಚ್ಚರವನ್ನು, ಕೆಲವು ತಿಂಗಳುಗಳ ಶ್ರದ್ಧೆಯನ್ನು. ಅದನ್ನು ಪ್ರಾಮಾಣಿಕವಾಗಿ ಸಲ್ಲಿಸುವುದು ವಿದ್ಯಾರ್ಥಿಯ ಕಾಯಕ. ಫಲಿತಾಂಶದ ಪಟ್ಟಿಯಲ್ಲಿ ಹೆಸರು ಬಂದರೆ ಸಂತೋಷ; ಬಾರದಿದ್ದರೆ ಮರಳಿ ಬರೆಯಬಹುದು. ಆದರೆ ಅಂಕಕ್ಕಾಗಿ ಕಲಿತ ಅಂಕಿತವು ಪರೀಕ್ಷೆ ಮುಗಿದ ಮೇಲೆ ಎದೆಯಲ್ಲಿ ಉಳಿಯಿತೇ ಎಂಬುದಕ್ಕೆ ಬೇರೊಂದು ಫಲಿತಾಂಶವಿದೆ. ಅದನ್ನು ಯಾವ ಮಂಡಳಿಯೂ ಪ್ರಕಟಿಸುವುದಿಲ್ಲ. ಮರುದಿನದ ಪೂಜೆಯಲ್ಲಿ ಅದೇ ವಚನವನ್ನು ಹಾಡುವಾಗ, ಅದನ್ನು ನುಡಿದ ಅಂಬಿಗನೋ, ಅಕ್ಕನೋ, ಅಕ್ಕಿ ಆಯುವವನೋ ಕಣ್ಣ ಮುಂದೆ ಬಂದು ನಿಂತರೆ ವಿದ್ಯಾರ್ಥಿಯು ಉತ್ತೀರ್ಣನಾದನೆಂದೇ ತಿಳಿಯಬೇಕು.

ಈ ವರ್ಷ ಪ್ರವೇಶ ಪರೀಕ್ಷೆಗಳನ್ನು ಬರೆಯಲಿರುವ ಸಮಸ್ತ ವಿದ್ಯಾರ್ಥಿಗಳಿಗೆ ಬಸವಾದಿ ಶರಣರ ಕೃಪೆ ಲಭಿಸಲೆಂದು ಹಾರೈಸುತ್ತೇವೆ.